ಹೋಳಿಗೆ ತಡೆದ ಪಾರ್ಲಿಮೆಂಟು

ವಾರವಿಡೀ ಮೆಲ್ಬರ್ನ್‌ನ ಶಾಲೆಯಲ್ಲಿ ನಾನು ಕಲಿಸುವ ಇತಿಹಾಸ ಶನಿವಾರ ನಮ್ಮ ಕನ್ನಡ ಸಂಘದಲ್ಲಿ ಕಣ್ಣೆದುರೇ ನಡೆದುಬಿಡುತ್ತದೆ. ಇದೇನೂ ಹೊಸದಲ್ಲ.

೧. ದೇವರು ಕೊಟ್ಟ ಕುರ್ಚಿ

ಸಂಘ ಹುಟ್ಟಿದ್ದು ಬೆಳಗಾವಿಯ ಅಂಕಲ್ ಒಬ್ಬರ ಗ್ಯಾರೇಜಿನಲ್ಲಿ. ಅಂದಿನಿಂದ ಅವರೇ ಅಧ್ಯಕ್ಷರು. ನಮಗೆಲ್ಲ ಈ ದೇಶದಲ್ಲಿ ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ಹಕ್ಕು, ಸಿಕ್ಕಿದ್ದರೆ ಅವರಿಗೆ ಕುರ್ಚಿಯಲ್ಲೇ ಸಿಕ್ಕಿತ್ತು. ಚುನಾವಣೆ ಯಾವಾಗ ಎಂದರೆ, "ದೇವರು ನಡೆಸ್ಯಾನ, ನಡದದ" ಎನ್ನುತ್ತಿದ್ದರು. ತನ್ನನ್ನು ದೇವರೇ ನೇಮಿಸಿದ್ದಾನೆ ಎಂದ ಇಂಗ್ಲೆಂಡಿನ ರಾಜನೊಬ್ಬನ ತಲೆಯನ್ನು ಪಾರ್ಲಿಮೆಂಟಿನವರು ತೆಗೆಸಿದ ಪಾಠವನ್ನು ಒಂದು ವಾರ ಶಾಲೆಯಲ್ಲಿ ಮುಗಿಸಿದ್ದೆ. ಆ ಶನಿವಾರ ಅಂಕಲ್ ಮೈಕ್ ಹಿಡಿದಾಗ ನನ್ನ ಕಣ್ಣು ತಾನಾಗಿ ಅವರ ಕೊರಳಿನತ್ತ ಹೋಯಿತು.

೨. ಕಾರಿನಲ್ಲಿ ಪಾಠ

ಹಬ್ಬದೂಟ ಮನೆಮನೆಯಿಂದ ಬರುತ್ತದೆ. ಆದರೆ ಅಂಕಲ್ ಭಾಷಣ ಮುಗಿಯದೆ ಯಾರೂ ತಟ್ಟೆ ಮುಟ್ಟುವಂತಿರಲಿಲ್ಲ. ಒಂದು ಯುಗಾದಿಗೆ ಮಕ್ಕಳು ಹಸಿದೇ ನಿದ್ದೆ ಹೋದವು. ವಾಪಸು ಬರುವಾಗ ಕಾರಿನಲ್ಲಿ, ನಮ್ಮ ಅಡುಗೆಯ ಉಸ್ತುವಾರಿ ನೋಡುವ ಮಂಗಳೂರಿನ ಆಂಟಿ, ನಾನು ಕಲಿಸುವ ಪಾಠದ ಇಂಗ್ಲೆಂಡಿನ ರಾಜರನ್ನು ಕೊನೆಗೆ ಬಗ್ಗಿಸಿದ್ದು ಹೇಗೆ ಎಂದು ಕೇಳಿದರು. ಯುದ್ಧಕ್ಕೆ ರಾಜನಿಗೆ ತೆರಿಗೆ ಬೇಕು, ತೆರಿಗೆಗೆ ಪಾರ್ಲಿಮೆಂಟ್ ಒಪ್ಪಬೇಕು, ಮೊದಲು ನಮ್ಮ ಮಾತು ಕೇಳು ಎಂದು ಅದು ಪಟ್ಟು ಹಿಡಿಯಿತು ಎಂದೆ. ಡ್ಯಾಂಡಿನಾಂಗ್‌ನ ಅವರ ಮನೆ ಬರುವವರೆಗೂ ಆಂಟಿ ಮಾತಾಡಲಿಲ್ಲ. ಅವರು ಸುಮ್ಮನಿದ್ದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ.

೩. ಮುಚ್ಚಿದ ಬಾಗಿಲು

ಮುಂದಿನ ಯುಗಾದಿಗೆ ಮೆಲ್ಬರ್ನ್‌ನ ಟ್ರುಗನಿನಾ ಬಡಾವಣೆಯ ಹಾಲ್‌ನಲ್ಲಿ ಹೆಂಗಸರೆಲ್ಲ ಹೋಳಿಗೆಯ ಸಮೇತ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡರು. ಖಜಾಂಚಿ ಹೋಗಿ ಕರೆದರೂ ತೆರೆಯಲಿಲ್ಲ. ಇಂಗ್ಲೆಂಡಿನಲ್ಲಿ ರಾಜನ ದೂತ ಭಾಷಣಕ್ಕೆ ಕರೆಯಲು ಬಂದರೆ ಪಾರ್ಲಿಮೆಂಟಿನವರು ಇಂದಿಗೂ ಹೀಗೇ ಮುಖಕ್ಕೆ ಬಾಗಿಲು ಹಾಕುತ್ತಾರೆ. ಆದರೂ ನನಗೆ ನಗು ಬರಲಿಲ್ಲ. ಇದಕ್ಕಿಂತ ಸಣ್ಣ ಜಗಳಕ್ಕೆ ಎಷ್ಟೋ ಸಂಘಗಳು ಎರಡಾಗಿದ್ದವು. ನಮ್ಮದೂ ಒಡೆದರೆ ಹಬ್ಬಕ್ಕೆ ಎಲ್ಲಿಗೆ ಹೋಗುವುದು ಎಂದು ಹೆದರಿಕೆಯಾಯಿತು. ಕೊನೆಗೆ ಅಂಕಲ್ ತಾವೇ ಹೋಗಿ ಬಾಗಿಲು ತಟ್ಟಿದರು.

"ಮೊದಲು ಊಟ, ಆಮೇಲೆ ಚುನಾವಣೆ. ಒಪ್ಪಿದರೆ ಬಾಗಿಲು ತೆಗಿತೇವೆ ಮಾರಾಯ್ರೆ" ಎಂದರು ಆಂಟಿ ಒಳಗಿನಿಂದ.

ಅಂಕಲ್ ಬಾಗಿಲ ಸಂದಿಗೆ ಮೂಗು ಹಚ್ಚಿದರು. ತುಪ್ಪದ ಘಮ ಹೊರಗೆ ಬರುತ್ತಿತ್ತು.

"ಹೋಳಿಗಿ ಬಿಸಿ ಅದಾವೇನ್ರಿ?" ಎಂದರು.

ಇಂಗ್ಲೆಂಡಿಗೆ ಶತಮಾನಗಳೇ ಹಿಡಿದ ಕೆಲಸ ನಮ್ಮಲ್ಲಿ ಹೋಳಿಗೆ ಆರುವ ಮೊದಲೇ ಮುಗಿಯಿತು.

೪. ಅಂಕಲ್ ಓದಿದ ಭಾಷಣ

ಚುನಾವಣೆಯಲ್ಲಿ ಆಂಟಿಯ ಸಮಿತಿ ಗೆದ್ದಿತು. ಅಂಕಲ್ ಗೌರವಾಧ್ಯಕ್ಷರಾದರು. ಪೇಟ ಸುತ್ತಿಕೊಂಡು ದೀಪ ಹಚ್ಚುವುದು, ಸಮಿತಿ ಬರೆದುಕೊಟ್ಟದ್ದನ್ನು ಓದುವುದು, ಅಷ್ಟೇ ಕೆಲಸ. ಇಂಗ್ಲೆಂಡಿನ ರಾಜರೂ ಈಗ ಪಾರ್ಲಿಮೆಂಟಿನಲ್ಲಿ ಮಂತ್ರಿಗಳು ಬರೆದದ್ದನ್ನೇ ಓದುತ್ತಾರೆ ಎಂದು ನಾನು ಹೇಳಿದ ಮೇಲೆ ಅವರ ಮುಖ ಅರಳಿತು.

ರಾಜ್ಯೋತ್ಸವಕ್ಕೆ ಸಿಡ್ನಿಯ ಬ್ಲ್ಯಾಕ್‌ಟೌನ್‌ನಿಂದಲೂ ಕನ್ನಡಿಗರು ಬಂದಿದ್ದರು. ಅಂಕಲ್ ಗಂಭೀರವಾಗಿ ಓದಿದರು: "ಇನ್ನು ಮುಂದೆ ನಮ್ಮ ಸಂಘದಲ್ಲಿ ಗೌರವಾಧ್ಯಕ್ಷರ ಭಾಷಣ ಇರುವುದಿಲ್ಲ. ಎಲ್ಲರೂ ಊಟಕ್ಕೆ ಏಳಿ."

ಹಾಳೆ ತಿರುಗಿಸಿ ನೋಡಿದರು. ಹಿಂದೆ ಏನೂ ಇರಲಿಲ್ಲ. ಹಾಲ್ ತುಂಬ ಚಪ್ಪಾಳೆ ಬಿತ್ತು, ಬ್ಲ್ಯಾಕ್‌ಟೌನ್‌ನವರಂತೂ ಎದ್ದೇ ನಿಂತರು. ಅಷ್ಟು ಚಪ್ಪಾಳೆ ಅಂಕಲ್‌ಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ವೇದಿಕೆಯಿಂದ ಇಳಿದವರೇ ಆ ಹಾಳೆಯನ್ನು ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡು ನನ್ನ ಕಿವಿಯಲ್ಲಿ ಹೇಳಿದರು:

"ಭಾಳ ಛಲೋ ಬರದಾರ್ರಿ. ಮುಂದಿನ ವರ್ಷನೂ ಇದನ್ನ ಓದ್ತೀನಿ."