ಗಡಿಗೆ ಇಳಿಸುವ ಮಾತು

ಅಪಾಯ ಬರುತ್ತದೆ ಎಂದು ಹೇಳುವುದಕ್ಕಿಂತ ಸುಲಭದ ಕಸುಬು ಇನ್ನೊಂದಿಲ್ಲ. ಬಂದರೆ ನೀವು ಜಾಣರು. ಬಾರದಿದ್ದರೆ, ಬಾರದ ಸಂತೋಷದಲ್ಲಿ ನಿಮ್ಮನ್ನು ಯಾರೂ ಕೇಳಲು ಬರುವುದಿಲ್ಲ. ತಾಂಡೂರಿನ ಫರ್ಶಿ ಕಲ್ಲಿನ ಖಣಿಯಲ್ಲಿ ಈ ಕಸುಬನ್ನು ನಾನು ಮರ್ಯಾದೆಯಿಂದ ಮಾಡಿಕೊಂಡು ಬಂದಿದ್ದೇನೆ. ಒಂದೇ ಒಂದು ದಿನ ಅಪಾಯ ಇಲ್ಲ ಎಂದೆ. ಆ ದಿನದ ಭಾರ ಇನ್ನೂ ಇಳಿದಿಲ್ಲ.

ನಮ್ಮ ನೀಲಿ ಫರ್ಶಿ ರೈಲು ಹತ್ತಿ ಹೈದರಾಬಾದಿನ ನವಾಬರ ಹವೇಲಿಗಳ ನೆಲಕ್ಕೆ ಹೋಗುತ್ತದೆ. ಅದನ್ನು ಹಾರೆ, ಉಳಿಗಳಿಂದಲೇ ಎಬ್ಬಿಸುತ್ತೇವೆ; ಅದರ ಮೇಲೆ ಕುಳಿತ ಗಡುಸು ಬಂಡೆಯನ್ನು ಒಡೆಯಲು ಮಾತ್ರ ಕುಳಿ ಕೊರೆದು ಬಾರೂದು ತುಂಬುವುದು. ಬತ್ತಿಗೆ ಬೆಂಕಿ ಇಡುವ ಮೊದಲು ಎಚ್ಚರಿಕೆಗೆಂದು ಹಲಗೆ ಬಡಿಯುತ್ತಾರೆ. ಆಗ ಗಂಡಸರು ಮರೆಗೆ ಓಡಿದರೆ, ಪಕ್ಕದ ಓಣಿಯ ಹೆಂಗಸರು ಅಡುಗೆಮನೆಗೆ ಓಡುತ್ತಾರೆ. ಅಲ್ಲಿ ಗಡಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ. ಜೋಳ, ಬೇಳೆ, ಉಪ್ಪು, ಎಣ್ಣೆ ಎಲ್ಲ ಅವುಗಳಲ್ಲೇ. ನೆಲ ನಡುಗಿತೆಂದರೆ ಸಂಸಾರವೇ ಉರುಳಬೇಕು. ಪ್ರತಿ ಸಲ ಅವನ್ನು ನೆಲಕ್ಕೆ ಇಳಿಸಿ ಏರಿಸಿ ಸೊಂಟ ಬಿದ್ದುಹೋಗುವುದರಿಂದ, ಇವತ್ತಿನ ನಡುಕ ಓಣಿಗೆ ಮುಟ್ಟುತ್ತದೋ ಇಲ್ಲವೋ ಎಂದು ನನ್ನನ್ನು ಕೇಳುವ ರೂಢಿ ಬಿತ್ತು. ಮಠದ ಅಯ್ಯನವರ ಬಳಿ ಕನ್ನಡ ಅಕ್ಷರ, ಸರಕಾರಿ ಶಾಲೆಯಲ್ಲಿ ಉರ್ದು, ಎರಡನ್ನೂ ಅರ್ಧಕ್ಕೆ ಬಿಟ್ಟವನು ನಾನು. ಆದರೆ ಬಾರೂದು ತುಂಬುವವನೂ ನಾನೇ. ಬಾರೂದು ಎಷ್ಟು, ದೂರ ಎಷ್ಟು, ಇವೆರಡೇ ನನ್ನ ಲೆಕ್ಕ. ಚೀಲ ಎತ್ತಿ ನೋಡುವುದು, ಕುಳಿಯಿಂದ ಓಣಿಯವರೆಗೆ ಹೆಜ್ಜೆ ಹಾಕುವುದು, ಗಡ್ಡ ಕೆರೆದುಕೊಂಡು "ಇಳಸ್ರಿ" ಎನ್ನುವುದು. ಗಡ್ಡಕ್ಕೆ ಕೈ ಹೋಗುವ ಮೊದಲೇ ಉತ್ತರ ತಯಾರಿರುತ್ತಿತ್ತು ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅದನ್ನು ಕಂಡುಹಿಡಿದವಳು ನಮ್ಮ ನಾಗಮ್ಮಕ್ಕ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಹಾಗಾಗಿ ನಾಲ್ಕು ಜನರ ಮುಂದೆ ನನ್ನ ಮಾನ ತೆಗೆಯುವ ಹಕ್ಕೂ ಅವಳದೇ. ಒಂದು ದಿನ ಬಾವಿಕಟ್ಟೆಯ ಮೇಲೆ ಕೊಡ ಇಟ್ಟುಕೊಂಡು ಶುರುಮಾಡಿದಳು.

"ಏನೋ ಚನ್ನ್ಯಾ, ಇವತ್ತ ಏನಂತದ ನಿನ್ನ ಗಡ್ಡ?"

"ಇಳಸ್ರಿ ಅಂತದ."

"ಕೇಳಿದ್ರೇನ್ರೆವ್ವಾ! ನಾ ಸೀನಿದ್ರನೂ ಇಂವ ಗಡಗಿ ಇಳಸು ಅಂತಾನ. ತನ್ನ ಲಗ್ನದಾಗ ಬಾಜಾ ಬಡದ್ರ ಹೆದರಿ ಹಂದರದಿಂದ ಹೊರಗ ಓಡಿದ್ದ, ಹೆಂಡ್ತಿನ್ನ ಅಲ್ಲೇ ಬಿಟ್ಟು!"

ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. ಲಗ್ನದ ಮಾತು ಸುಳ್ಳಾಗಿದ್ದರೆ ನಾನೂ ನಗುತ್ತಿದ್ದೆ.

ಮರುದಿನ ಬಾರೂದು ಎಂದಿಗಿಂತ ತುಸು ಹೆಚ್ಚೇ ಇತ್ತು. ಆದರೆ ಕುಳಿ ಓಣಿಯಿಂದ ಸಾಕಷ್ಟು ದೂರ. ಓಣಿಯ ಕಟ್ಟಕಡೆಗಿದ್ದ ಅಕ್ಕನ ಮನೆ ಇನ್ನೂ ದೂರ. "ಬ್ಯಾಡ್ರಿ, ಇವತ್ತ ಒಂದ ಗಡಗಿನೂ ಅಳ್ಳಾಡಲ್ಲ" ಎಂದೆ, ಗಡ್ಡ ಮುಟ್ಟದೆ. ಬಾರೂದು ಸಿಡಿಯುವಾಗ ಓಣಿಯ ಮೊದಲ ಮನೆಯ ಕಟ್ಟೆಯ ಮೇಲಿದ್ದ ಕೊಡವನ್ನೇ ನೋಡುತ್ತ ನಿಂತೆ. ಅದರ ನೀರು ಕೂಡ ಅಲುಗಲಿಲ್ಲ. ಮೀಸೆ ತಿರುವುತ್ತ ಅಕ್ಕನ ಮನೆಗೆ ನಡೆದೆ.

ಅಕ್ಕ ಒಡೆದ ಗಡಿಗೆಯ ಓಡುಗಳ ನಡುವೆ ಕುಳಿತು ಚೆಲ್ಲಿದ ತುಪ್ಪವನ್ನು ಅಂಗೈಯಿಂದ ಬಳಿಯುತ್ತಿದ್ದಳು. ಕೊಹೀರಿಗೆ ಕೊಟ್ಟ ಮಗಳು ಕಾಶಮ್ಮ ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು. ಅವಳಿಗೆಂದು ಚಳಿಗಾಲವಿಡೀ ಒಂದೇ ಎಮ್ಮೆಯ ಹಾಲಿನಲ್ಲಿ ಕೂಡಿಸಿದ ತುಪ್ಪ. ಬಳಿದದ್ದರಲ್ಲಿ ಮಣ್ಣು, ಓಡಿನ ಚೂರು, ದೀಪಕ್ಕಾದರೆ ಆದೀತು.

ಆ ಮನೆಗೆ ನೆಲ ಹಾಸುವ ಖರ್ಚೇ ಇರಲಿಲ್ಲ. ನಾವು ಖಣಿಯಲ್ಲಿ ಒಡೆಯುವ ಅದೇ ಬಂಡೆ ಮಣ್ಣಿನಡಿ ಹರಿದು ಬಂದು ಅವಳ ಅಡುಗೆಮನೆಯಲ್ಲಿ ಮೈ ತೋರಿಸಿತ್ತು. ಹತ್ತಿರದ ಮನೆಗಳು ಕಪ್ಪು ಮಣ್ಣಿನ ಮೇಲೆ ಮೆತ್ತಗೆ ಕುಳಿತಿದ್ದವು. ನಡುಕವೇನು ನನ್ನ ಹಾಗೆ ಹೆಜ್ಜೆ ಎಣಿಸುತ್ತ ಓಣಿಯಲ್ಲಿ ನಡೆದು ಬರುತ್ತದೆಯೇ? ಬಂಡೆಯೊಳಗೇ ಹಾದು ಸೀದಾ ತುಪ್ಪದ ಗಡಿಗೆಗೆ ಬಂದಿತ್ತು. ತಣ್ಣಗಿದೆ ಎಂದು ಎಷ್ಟೋ ಮಧ್ಯಾಹ್ನ ಅದೇ ಕಲ್ಲಿನ ಮೇಲೆ ಬೆನ್ನು ಹಚ್ಚಿ ಮಲಗಿದವನು, ಅದು ಯಾವ ಕಲ್ಲು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅಲ್ಲಿಯವರೆಗೆ ಬಾರೂದು ಸಿಡಿಯುವಾಗ ಗಡಿಗೆಗಳು ಯಾವಾಗಲೂ ಕೆಳಗೇ ಇರುತ್ತಿದ್ದವಲ್ಲ.

ಓಣಿಯಲ್ಲಿ ಬರುವಾಗ ಬಾಗಿಲುಗಳೊಳಗೆ ಕಂಡದ್ದು ಆಗ ಅರ್ಥವಾಯಿತು. ನಾನು ಬೇಡವೆಂದರೂ ಉಳಿದ ಹೆಂಗಸರೆಲ್ಲ ಸುಮ್ಮನೆ ಗಡಿಗೆ ಇಳಿಸಿಕೊಂಡಿದ್ದರು.

"ಅಕ್ಕಾ, ನೀ ಯಾಕ ಇಳಸಲಿಲ್ಲ?"

"ನೀ ಬ್ಯಾಡಂದಿ ಅಲ್ಲೋ" ಎಂದಳು, ತಲೆ ಎತ್ತದೆ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ ಬಂದು, "ಏನ್ ಬಿತ್ರಿ ನಾಗಮ್ಮಾ?" ಎಂದು ಕೇಳಿದಳು.

"ಏನಿಲ್ಲವ್ವಾ, ಈ ಸುಡಗಾಡ ಬೆಕ್ಕ ಹಾರಿ ಕೆಡವ್ಯದ" ಎಂದ ಅಕ್ಕ, ಮಾತು ನಿಜವಾಗಲೆಂದು ಒಲೆಯ ಪಕ್ಕ ಮಲಗಿದ್ದ ಬೆಕ್ಕಿಗೆ ಸೌಟು ಬೀಸಿ ಒಗೆದಳು. ನಾನೇ ಕಾರಣ ಎನ್ನಬೇಕೆಂದಿದ್ದೆ. ಬಾವಿಕಟ್ಟೆಯ ನಗು ನೆನಪಾಗಿ ಓಡಿನ ಚೂರು ಆರಿಸತೊಡಗಿದೆ. ಬೆಕ್ಕು ನನ್ನನ್ನು ನೋಡಿ ಹೊರಗೆ ಹೋಯಿತು.

ಚನ್ನಪ್ಪನ ಮಾತು ಸುಳ್ಳಾಗಲಿಲ್ಲ ಎಂದು ಓಣಿಯಲ್ಲಿ ನನ್ನ ಬೆಲೆ ಇನ್ನೂ ಏರಿತು. ಕಾಶಮ್ಮನ ಬಾಣಂತನ ಕುಸುಬೆ ಎಣ್ಣೆಯಲ್ಲಿ ಆಯಿತು. ತಾಯಿ ಮಗು ಗಟ್ಟಿಯಾಗಿಯೇ ಇದ್ದರು. ಆದರೆ ಅವಳು ತುಪ್ಪವಿಲ್ಲದ ರೊಟ್ಟಿ ಮುರಿಯುವಾಗ ನನ್ನತ್ತ ನೋಡದಿರಲು ಅಕ್ಕ ಪಡುತ್ತಿದ್ದ ಕಷ್ಟವನ್ನು ನೋಡಲಾಗುತ್ತಿರಲಿಲ್ಲ. ಅಕ್ಕ ಆಮೇಲೆ ನನ್ನನ್ನು ಗೇಲಿ ಮಾಡುವುದನ್ನೇ ಬಿಟ್ಟಳು. ಅದೇ ನನಗೆ ದೊಡ್ಡ ಶಿಕ್ಷೆ.

ಹೆಂಗಸರು ಈಗಲೂ ಕೇಳುತ್ತಾರೆ. ನಾನು ಗಡ್ಡ ಕೆರೆಯುತ್ತ ಓಣಿಯಾಚೆ ನೋಡುತ್ತೇನೆ. ಆ ಸೌಟಿನ ದಿನದಿಂದ ಬೆಕ್ಕು, ಹಲಗೆಯ ಸದ್ದು ಕೇಳಿದ ಕೂಡಲೆ, ಬಾರೂದು ಹೆಚ್ಚೋ ಕಡಿಮೆಯೋ ವಿಚಾರಿಸದೆ, ಮನೆ ಬಿಟ್ಟು ಕಪ್ಪು ಮಣ್ಣಿನ ದಿಬ್ಬದ ಮೇಲೆ ಹೋಗಿ ಕೂಡುತ್ತದೆ. "ಇಳಸ್ರಿ" ಎನ್ನುತ್ತೇನೆ. ಬೆಕ್ಕಿನ ಲೆಕ್ಕವೂ ನನ್ನ ಲೆಕ್ಕವೂ ಒಂದೇ. ಆದರೆ ಓಣಿಯೆಲ್ಲ ನಿಂತು ನಕ್ಕರೂ ಅದು ಎದ್ದು ಒಳಗೆ ಬರುವುದಿಲ್ಲ.