ಮಾವ ಹುಡುಕಿದ ರೀಲು

ನಮ್ಮ ಸೋದರಮಾವನಷ್ಟು ಗೂಢಚಾರರ ವ್ಯವಹಾರ ಬಲ್ಲವರು ಇಡೀ ಹಾಸನ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಇಂಗ್ಲಿಷ್ ಬರುತ್ತಿರಲಿಲ್ಲ, ಅಷ್ಟೇ! ಗೊರೂರಿನ ಕ್ವಾರ್ಟರ್ಸ್‌ನಲ್ಲಿದ್ದುಕೊಂಡು ಹೇಮಾವತಿ ಅಣೆಕಟ್ಟಿನ ಗೇಟು ಎತ್ತಿ ಇಳಿಸುವ ಕೆಲಸ ಮಾಡುತ್ತಿದ್ದ ಅವರು, ರಜೆ ಸಿಕ್ಕಿತೆಂದರೆ ಹಾಸನಕ್ಕೆ ಹೋಗಿ ಇಂಗ್ಲಿಷ್ ಸಿನಿಮಾ ನೋಡುತ್ತಿದ್ದರು. "ಗುಂಡು ಆರ್ಸಕ್ಕೆ ಯಾವ ಭಾಷೆ ಬೇಕ್ಲಾ?" ಎನ್ನುವುದು ಅವರ ವಾದ. ಒಪ್ಪದೆ ಏನು ಮಾಡುವುದು?

ತೊಂಬತ್ತರ ದಶಕದಲ್ಲಿ ಅತ್ತೆ ಬಚ್ಚಲಿನಲ್ಲಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಮಾತಿಲ್ಲ, ಊಟ ಸೇರುವುದಿಲ್ಲ. ಆಗ ಮಾವ ಒಂದು ಗೂಢಚಾರನ ಸಿನಿಮಾ ನೋಡಿ ಬಂದು, ದಿನಕ್ಕಿಷ್ಟರಂತೆ ಹದಿನೈದು ದಿನ ಮಂಚದ ಮುಂದೆ ಅದನ್ನು ಅಭಿನಯಿಸಿದರು. ಮೊರ ಹಿಡಿದು ಕಾರು ಓಡಿಸಿದರು. ಸ್ಟೂಲಿನ ಮೇಲಿಂದ ಧುಮುಕಿ ವಿಮಾನ ಇಳಿದರು. ಅತ್ತೆ ನಕ್ಕರು, ನಕ್ಕು ಒಂದು ಮುದ್ದೆ ಉಂಡರು. ಅಂದಿನಿಂದ ಅವರದು ಒಂದೇ ಪ್ರಶ್ನೆ.

"ಆವಯ್ಯ ಸಮುದ್ರಕ್ಕೆ ಬಿದ್ನಲ್ಲ, ಆಮ್ಯಾಕೇನಾದ?"

"ಪಾರ್ಟ್ ಟೂ ಬರ್ಲಿ ತಡಿ, ಯೋಳ್ತೀನಿ."

ಎರಡು ವರ್ಷ ಕಳೆದರೂ ಅತ್ತೆಯ ಓಡಾಟ ಮಂಚದಿಂದ ಬಾಗಿಲವರೆಗೆ ಮಾತ್ರ, ಪ್ರಶ್ನೆಯೂ ಹಾಗೇ ಇತ್ತು. ಸುಮ್ಮನೆ ಏನಾದರೂ ಕಟ್ಟಿ ಹೇಳಬಹುದಿತ್ತಲ್ಲ? ಊಹೂಂ! ಕಣ್ಣಲ್ಲಿ ಕಾಣದ್ದನ್ನು ಮಾವ ಹೇಳುವವರಲ್ಲ.

ಕೊನೆಗೂ ಎರಡನೇ ಭಾಗ ಹಾಸನಕ್ಕೆ ಬಂತು. ಬಿ.ಎಡ್. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನ್ನನ್ನು ಮಾವ ಮ್ಯಾಟಿನಿಗೆ ಎಳೆದುಕೊಂಡು ಹೋದರು. ಏನು ಹೇಳಲಿ! ಮೊದಲ ಭಾಗದಲ್ಲಿ ಹೆಲಿಕಾಪ್ಟರಿಗೆ ನೇತಾಡಿದ ನಾಯಕನಿಗೆ ಇಲ್ಲಿ ಕುರ್ಚಿಯಿಂದ ಏಳುವುದೇ ಸಾಹಸ. ಅರ್ಧ ಸಿನಿಮಾ ಬರೀ ಮೀಟಿಂಗು. ಫೈಲೊಂದು ಮೇಜಿನಿಂದ ಮೇಜಿಗೆ ಹೋಗುತ್ತಿತ್ತು, ನಮ್ಮ ತಾಲ್ಲೂಕು ಕಚೇರಿಯ ವೇಗದಲ್ಲಿ. ಪ್ರಪಂಚವನ್ನೇ ಸುಡುತ್ತೇನೆಂದು ಫೋನು ಮಾಡಿದ ಖಳನಾಯಕ ತಾನಿಟ್ಟ ಬಾಂಬಿಗೆ ತಾನೇ ಸಿಕ್ಕಿ ಸತ್ತ. ನಾಯಕ ಬಂದು ಕೋಟಿನ ಧೂಳು ಕೊಡವಿಕೊಂಡ. ಕೂತಲ್ಲೇ ಕೂತಿದ್ದವನಿಗೆ ಧೂಳಾದರೂ ಎಲ್ಲಿಂದ ಬಂತೋ!

ಮಾವ ಹೊರಗೆ ಬಂದು ತೀರ್ಪು ಕೊಟ್ಟರು: "ಆಪರೇಟ್ರು ರೀಲು ಕತ್ತರಿಸವ್ನೆ ಕಣ್ಲಾ!"

ಈ ಅನುಮಾನಕ್ಕೆ ಕಾರಣವಿತ್ತು. ಹಳ್ಳಿಯ ಜನ ಬಸ್ಸಿಗೆಂದು ನಡುವೆ ಎದ್ದು ಹೋಗುತ್ತಾರೆಂದು ನಮ್ಮ ಕಡೆ ಆಪರೇಟರುಗಳು ಒಂದೆರಡು ರೀಲು ಹಾರಿಸುವುದು ವಾಡಿಕೆ. ಸಿನಿಮಾ ಚೆನ್ನಾಗಿಯೇ ಇದೆ, ಚೆನ್ನಾಗಿರುವ ರೀಲು ಮಾತ್ರ ಡಬ್ಬದಲ್ಲಿ ಉಳಿದಿದೆ ಎಂದು ಮಾವ ನಂಬಿಬಿಟ್ಟರು. ಅತ್ತೆಗೆ "ಇನ್ನೂ ಪೂರ್ತಿ ನೋಡಿಲ್ಲ" ಎಂದರು.

ಮುಂದಿನ ವಾರ ಸಿನಿಮಾ ಚನ್ನರಾಯಪಟ್ಟಣಕ್ಕೆ ಹೋಯಿತು. ಹಿಂದೆಯೇ ನಾವು! ಅದೇ ಮೀಟಿಂಗು, ಅದೇ ಫೈಲು. "ಇಲ್ಲೂ ಕತ್ತರಿಸವ್ನೆ!"

ಹೊಳೆನರಸೀಪುರದಲ್ಲಿ ಮಾವ ಸೀದಾ ಮೆಷಿನ್ ರೂಮಿಗೇ ಹತ್ತಿದರು. ಆಪರೇಟರು ಡಬ್ಬಗಳನ್ನು ಒಂದೊಂದಾಗಿ ತೆರೆದು ತೋರಿಸಿದ. "ಪೂರ್ತಿ ಓಡ್ಸಿವ್ನಿ ಸಾ. ಕತ್ತರಿಸಿದ್ರೆ ಜನ ನಂಗೆ ಊವಿನ ಆರ ಹಾಕೋರು!"

ಮಾವ ಜಗ್ಗಲಿಲ್ಲ. ಅರಕಲಗೂಡಿನಲ್ಲಿ ಒಟ್ಟು ಏಳು ಜನ ಪ್ರೇಕ್ಷಕರು, ಅದರಲ್ಲಿ ನಾಲ್ವರಿಗೆ ಗಾಢ ನಿದ್ದೆ. ಡಬ್ಬಗಳ ಜೊತೆ ಊರೂರು ತಿರುಗುತ್ತಿದ್ದ ವಿತರಕರ ಕಡೆಯವನು ನಮ್ಮನ್ನು ಗುರುತು ಹಿಡಿದು ಹತ್ತಿರ ಬಂದ. "ಸಾ, ನಾನಾದ್ರೆ ಸಂಬಳಕ್ಕೆ ಬತ್ತೀನಿ. ನಿಮ್ಗೇನ್ ಸಾ ಕರ್ಮ?"

ಗೊರೂರಿನ ಬಸ್ಸಿನಲ್ಲಿ ಮಾವ ಟಿಕೆಟ್ಟನ್ನು ಸುರುಳಿ ಸುತ್ತುತ್ತಾ ಕೂತರು. ಆಮೇಲೆ ಮೆಲ್ಲಗೆ, "ಅವ್ಳಿಗೆ ಏನಂತ ಯೋಳ್ಲಿ ಕಣ್ಲಾ?" ಎಂದರು. ನಾಲ್ಕು ವಾರದಿಂದ ಒಳಗೊಳಗೇ ಅವರನ್ನು ಗೇಲಿ ಮಾಡುತ್ತಿದ್ದ ನನಗೆ ನಿಜಕ್ಕೂ ನಾಚಿಕೆಯಾಯಿತು.

ಮನೆಗೆ ಬಂದವರೇ ಮುಖ ತೊಳೆದು ಮಂಚದ ಮುಂದೆ ನಿಂತರು. "ಸಮುದ್ರಕ್ಕೆ ಬಿದ್ದೋನು ಈಜ್ಕಂಡು ಈಜ್ಕಂಡು ಏಮಾವತಿಗೇ ಬಂದ್ಬುಟ್ಟ!" ನಾನು ಬಾಯಿ ಬಿಟ್ಟುಕೊಂಡು ಕುಳಿತೆ. ನಾಯಕ ನಮ್ಮ ಅಣೆಕಟ್ಟಿನ ಗೇಟಿಗೆ ನೇತುಬಿದ್ದ. ಕೊಣನೂರು ಸಂತೆಯಲ್ಲಿ ಕುಂಬಳಕಾಯಿ ರಾಶಿಯೊಳಗೆ ಅಡಗಿದ. ದುದ್ದದ ಡೈರಿಯಲ್ಲಿ ಹಾಲಿನ ಕ್ಯಾನು ಉರುಳಿಸಿ ಖಳನಾಯಕನನ್ನು ಕೆಡವಿದ. ಅತ್ತೆ ಸೊಂಟ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮಾವ ಬೆವರೊರೆಸಿಕೊಳ್ಳುತ್ತಾ ಕಾಫಿ ಮಾಡಲು ಒಳಗೆ ಹೋದರು.

ಅತ್ತೆ ನನ್ನನ್ನು ಹತ್ತಿರ ಕರೆದರು.

"ಸಿನಿಮಾ ಒಸಿಯೂ ಚೆನ್ನಾಗಿಲ್ವಂತೆ. ಪಕ್ಕದ್ಮನೆಯೋರು ಮೊದಲ್ನೇ ವಾರ್ವೇ ಯೋಳಿದ್ರು" ಎಂದು ಪಿಸುಗುಟ್ಟಿದರು. "ನಂಗೊತ್ತು ಅಂತ ನಿಮ್ ಮಾವ್ರಿಗೆ ಯೋಳ್ಬುಡಬ್ಯಾಡ ಕಣಪ್ಪ. ನಂಗೋಸ್ಕರ ನಾಕೂರು ಅಲೆದವ್ರೆ."

ನಾನು ಆಗಲೆಂದು ತಲೆಯಾಡಿಸಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅಡುಗೆಮನೆಗೆ ಕೇಳುವಂತೆ ಕೂಗಿದರು:

"ಏನೂಂದ್ರೆ, ಆಮ್ಯಾಕೇನಾಯ್ತು?"