ನಮ್ಮ ನಾಟಕದ ನಾಯಕಿ ಅಳುವುದಿಲ್ಲ

ದುಃಖದ ನಾಟಕ ಬರೆಯಲು ಕೂತವರಿಗೇ ನಗು ಬರುವಂಥದ್ದೆಲ್ಲ ಯಾಕೆ ಆಗುತ್ತದೋ ಗೊತ್ತಿಲ್ಲ, ನನಗಂತೂ ಈ ವರ್ಷವಿಡೀ ಅದೇ ಆಯಿತು.

ದೆಹಲಿಯ ರೋಹಿಣಿ ಬಡಾವಣೆಯಲ್ಲಿ ನಾವು ಕೆಲವು ಕನ್ನಡದವರು ಸೇರಿ ವರ್ಷಕ್ಕೊಂದು ನಾಟಕ ಆಡುತ್ತೇವೆ. ಹಗಲೆಲ್ಲ ಸರ್ಕಾರಿ ಕಚೇರಿಯಲ್ಲಿ ಕಡತ ನೋಡುವ ನಾನೇ ಅದರ ಬರಹಗಾರ್ತಿ. ಇಷ್ಟು ದಿನ ಬರೆದಿದ್ದೆಲ್ಲ ಹಾಸ್ಯ. ಹೋದ ಚಳಿಗಾಲದಲ್ಲಿ ನಮ್ಮನೆಯವರು ತೀರಿಕೊಂಡರು. ಆಮೇಲೆ ಕಾಲೇಜಿಗೆ ಹೋಗುವ ಮಗಳು ಅಪ್ಪನ ಮಾತೇ ಎತ್ತಲಿಲ್ಲ. ನಾನು ಶುರು ಮಾಡಿದರೆ, ಚಲೋ, ಲೇಟಾಯ್ತು ಎಂದು ಬ್ಯಾಗ್ ಹೆಗಲಿಗೇರಿಸುತ್ತಿದ್ದಳು. ಅವಳ ಬಾಯಿ ಬಿಡಿಸಬೇಕೆಂದೇ ಗಂಡನನ್ನು ಕಳೆದುಕೊಂಡವಳ ನಾಟಕ ಬರೆದೆ. ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವ ಕೆಲಸ ಅವಳಿಗೇ ಕೊಟ್ಟೆ. ಕನ್ನಡ ಓದಲು ಬಾರದ ಹುಡುಗಿ, ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಳು.

ಫ್ರಿಡ್ಜ್

ದಹನ ಮುಗಿದ ಸಂಜೆ ನಾಯಕಿ ಫ್ರಿಡ್ಜ್ ಖಾಲಿ ಮಾಡಿ ಒರೆಸುತ್ತಾಳೆ. ಇದು ಮೊದಲ ದೃಶ್ಯ. ನಿವೃತ್ತ ಅಧಿಕಾರಿಯಾದ ನಮ್ಮ ನಿರ್ದೇಶಕರು ಕನ್ನಡಕ ತೆಗೆದಿಟ್ಟರು. ಎದೆ ಬಡಿದುಕೊಳ್ಳಲಿ, ಕುಸಿದು ಬೀಳಲಿ, ಏನೂ ಆಗದಿದ್ದರೆ ಗೋಡೆಗಾದರೂ ಒರಗಲಿ, ಫ್ರಿಡ್ಜ್ ಯಾಕೆ ಎಂದು ಕೇಳಿದರು. ಅಕ್ಕಪಕ್ಕದವರು ತಂದ ದಾಲ್ ಡಬ್ಬಿಗಳಿಗೆ ಜಾಗ ಬೇಕಿತ್ತು, ಆವತ್ತು ನಾನು ಒರೆಸಿದ್ದೆ ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು.

"ನೀವು ಒರೆಸಿರಬಹುದಮ್ಮ. ಜನ ನಂಬಬೇಕಲ್ಲ."

ಗಡ್ಡ

ನಾಯಕಿಯ ತಮ್ಮನಿಗೆ ಖಿನ್ನತೆ. ಆ ಪಾತ್ರ ಸಿಕ್ಕಿದ್ದು ಗುರುಗ್ರಾಮದ ಆಫೀಸಿನ ಹುಡುಗನಿಗೆ. ಅವನು ಗಡ್ಡ ಬಿಟ್ಟ, ಮೇ ತಿಂಗಳ ದೆಹಲಿಯಲ್ಲಿ ಶಾಲು ಹೊದ್ದ, ಕಿಟಕಿಯಾಚೆ ನೋಡುತ್ತ ನಿಂತ. ನಿರ್ದೇಶಕರಿಗೆ ಬಹಳ ಹಿಡಿಸಿತು. ನನಗೆ ಮಾತ್ರ ಸೆಖೆಯಾಯಿತು. ಖಿನ್ನತೆ ನಿಜವಾಗಿ ಹೇಗಿರುತ್ತದೆಂದು ಅನುಭವಿಸಿದವರನ್ನೇ ಕೇಳೋಣ ಎಂದೆ.

ಆಗ ಬಾಯಿ ತೆರೆದವನು ನಮ್ಮ ಲೈಟಿನವನು. ದಿನಾ ಸಮೋಸ ತಂದು ಎಲ್ಲರನ್ನೂ ನಗಿಸುವವನು.

"ನನ್ನನ್ನೇ ಕೇಳಿ. ಮಾತ್ರೆ ತಗೊಳ್ತಿದೀನಿ."

ಇಲ್ಲಿ ಜೋಕ್ ಹೊಡೆದು ಮನೆಗೆ ಹೋದರೆ ಶೂ ಬಿಚ್ಚುವುದಕ್ಕೂ ಆಗದೆ ಹಾಗೇ ಮಲಗುತ್ತೇನೆ, ಕೆಲವು ದಿನ ಹಲ್ಲುಜ್ಜುವುದನ್ನೂ ನಾಳೆಗೆ ಹಾಕುತ್ತೇನೆ ಎಂದ. ಹುಡುಗ ಮರುದಿನವೇ ಗಡ್ಡ ಬೋಳಿಸಿಕೊಂಡು, ದೃಶ್ಯದಲ್ಲಿ ಶೂ ಹಾಕಿಕೊಂಡೇ ಮಲಗಿದ.

ಆದರೆ ಅಲ್ಲಿಂದ ಎಲ್ಲರೂ ಲೈಟಿನವನ ಜೊತೆ ಪಿಸುದನಿಯಲ್ಲಿ ಮಾತಾಡತೊಡಗಿದರು. ಆಯಾಸವಾದೀತೆಂದು ಕೈಯಿಂದ ಸಮೋಸದ ಪೊಟ್ಟಣ ಇಸಿದುಕೊಂಡರು. ಅವನ ಜೋಕಿಗೆ ಯಾರೂ ನಗಲಿಲ್ಲ. ಕೊನೆಗೆ ಅವನು ನನ್ನ ಹತ್ತಿರ ಬಂದ.

"ಮೇಡಂ, ಇವರಿಗೆ ನಗೋಕೆ ಹೇಳಿ. ಇಲ್ಲಾಂದ್ರೆ ನನ್ನ ಡೋಸ್ ಜಾಸ್ತಿ ಮಾಡಿಸಬೇಕಾಗುತ್ತೆ."

ಎರಡನೇ ಲೋಟ

ಕೊನೆಯ ದೃಶ್ಯದಲ್ಲಿ ನಾಯಕಿ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಮಾಡಿ, ಒಂದನ್ನು ಸಿಂಕಿಗೆ ಚೆಲ್ಲುತ್ತಾಳೆ. ಅದೂ ನಮ್ಮ ಮನೆಯದೇ. ಈಗಲೂ ಬೆಳಿಗ್ಗೆ ನನ್ನ ಕೈ ಎರಡು ಲೋಟ ಬೆರೆಸುತ್ತದೆ. ಅವರದು ಸಕ್ಕರೆಯಿಲ್ಲದ್ದು, ಪೇಪರಿನ ಪಕ್ಕ ಇಡುತ್ತೇನೆ. ಇಟ್ಟ ಮೇಲೆ ಅವರಿಲ್ಲವೆಂದು ನೆನಪಾಗಿ ಸ್ನಾನಕ್ಕೆ ಓಡುತ್ತೇನೆ. ಬರುವಷ್ಟರಲ್ಲಿ ಲೋಟ ತೊಳೆದು ಕವುಚಿಟ್ಟಿರುತ್ತದೆ. ಮಗಳು ಚೆಲ್ಲುತ್ತಾಳೆ ಅಂದುಕೊಂಡಿದ್ದೆ. ಕೇಳುವ ಧೈರ್ಯ ಇರಲಿಲ್ಲ.

ತಾಲೀಮಿನಲ್ಲಿ ನಾಯಕಿ ಲೋಟ ಬಗ್ಗಿಸಿದಳು. ಪರದೆಯ ಹಿಂದಿನಿಂದ ಮಗಳ ದನಿ ಬಂತು.

"ಗಲತ್, ತಪ್ಪು. ಚೆಲ್ಲೋದಿಲ್ಲ."

ಹಾಗಾದರೆ ಏನು ಮಾಡಬೇಕೆಂದು ನಿರ್ದೇಶಕರು ಕೇಳಿದರು. ಅವಳು ಹೊರಗೆ ಬಂದು ನನ್ನನ್ನೇ ನೋಡಿದಳು.

"ಅಮ್ಮ, ಅದನ್ನ ನಾನು ಕುಡೀತೀನಿ. ರೋಜ್, ದಿನಾನೂ. ಅಪ್ಪಂದು ಅಂತ."

ಚಿಕ್ಕಂದಿನಿಂದ ಕಾಫಿ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಹುಡುಗಿ. ನಾನು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತೆ. ನಿರ್ದೇಶಕರು ನಾಯಕಿಯನ್ನು ಹತ್ತಿರ ಕರೆದು, ನೋಡ್ಕೊಳ್ಳಮ್ಮ, ನಾನು ಮೊದಲಿಂದ ಹೇಳ್ತಿದ್ದದ್ದು ಇದನ್ನೇ ಎಂದರು. ಮಗಳು ಬಂದು ಪಕ್ಕದಲ್ಲಿ ಕೂತು ನನ್ನ ಭುಜಕ್ಕೆ ತಲೆ ಇಟ್ಟಳು. ಅವಳೂ ಅಳುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡಳು.

"ನಾಳೆಯಿಂದ ಸಕ್ಕರೆ ಹಾಕಮ್ಮ, ಪ್ಲೀಸ್. ಶುಗರ್ ಇದ್ದಿದ್ದು ಅಪ್ಪಂಗೆ, ನಂಗಲ್ಲ."